ಹದ ಹೇಳಿಕೊಡುವ ಪುಸ್ತಕ

ಅಕ್ಕನ ಮಗ ಹಾಸನದಿಂದ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು ಒಂದೂವರೆ ವರ್ಷ ಆಯಿತು. ಮೊದಲು ಪಿಜಿಯಲ್ಲಿದ್ದ. ಈಗ ಗೆಳೆಯನ ಜೊತೆ ವಿಜಯನಗರದಲ್ಲಿ ಒಂದು ಬೆಡ್‌ರೂಮಿನ ಮನೆ ಮಾಡಿದ್ದಾನೆ. ಮನೆಯಲ್ಲಿ ಒಂದು ಇಂಡಕ್ಷನ್ ಒಲೆ, ಮೂರು ಲೀಟರಿನ ಕುಕ್ಕರ್, ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ. ಹೋದ ತಿಂಗಳು ಒಂದು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ತಟ್ಟೆ ತೊಳೆದಿಟ್ಟು, ಅಡುಗೆಮನೆ ಕಟ್ಟೆಗೆ ಒರಗಿ ನಿಂತು ಕೇಳಿದ: “ಚಿಕ್ಕಮ್ಮ, ನಂಗೆ ಒಂದು ಅಡುಗೆ ಪುಸ್ತಕ ಹೇಳು. ಒಂದೇ ಸಾಕು. ಏನೂ ಗೊತ್ತಿಲ್ಲದವನಿಗೂ ಅರ್ಥ ಆಗಬೇಕು.”

“ಯೂಟ್ಯೂಬ್ ಇದೆಯಲ್ಲೋ” ಅಂದೆ.

“ನೋಡ್ತೀನಿ. ನೋಡುವಾಗ ಎಲ್ಲ ಬರುತ್ತೆ ಅನ್ಸುತ್ತೆ. ಒಲೆ ಮುಂದೆ ನಿಂತರೆ ಏನೂ ನೆನಪಿರಲ್ಲ.”

ನನ್ನ ಕಪಾಟಿನಲ್ಲಿ ಎಂಟು ಅಡುಗೆ ಪುಸ್ತಕಗಳಿವೆ. ಒಂದೊಂದನ್ನೇ ತೆಗೆದು ನೋಡಿದೆ. ಯಾವುದನ್ನೂ ಅವನ ಕೈಗೆ ಕೊಡಲು ಮನಸ್ಸಾಗಲಿಲ್ಲ. ಎಲ್ಲವೂ ಒಳ್ಳೆಯ ಪುಸ್ತಕಗಳೇ. ನಾನು ದಿನಾ ಬಳಸುತ್ತೇನೆ. ಆದರೆ ಅವೆಲ್ಲ ಅಡುಗೆ ಬಲ್ಲವರ ಜೊತೆ ಮಾತಾಡುತ್ತವೆ. ಗೊತ್ತಿಲ್ಲದವರಿಗೆ ಬಾಗಿಲು ತೆಗೆಯುವುದಿಲ್ಲ. ಇದು ನನ್ನ ತಲೆಯಲ್ಲಿ ಕೊರೆಯಲು ಶುರುವಾಯಿತು. ಯಾಕಂದರೆ ಒಂದು ಕಾಲದಲ್ಲಿ ಆ ಬಾಗಿಲ ಹೊರಗೆ ನಾನೂ ನಿಂತಿದ್ದೆ.

1996ರಲ್ಲಿ ಮದುವೆಯಾಗಿ ಈ ಊರಿಗೆ ಬಂದಾಗ ನನಗೆ ಕಾಫಿ ಮತ್ತು ಅವಲಕ್ಕಿ ಬಿಟ್ಟರೆ ಏನೂ ಬರುತ್ತಿರಲಿಲ್ಲ. ನಗರದ ಅಂಚಿನ ಹೊಸ ಬಡಾವಣೆಯಲ್ಲಿ ಬಾಡಿಗೆ ಮನೆ. ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟ ದಪ್ಪನೆಯ ಅಡುಗೆ ಪುಸ್ತಕ ಒಂದಿತ್ತು. ಅದನ್ನು ತೆರೆದಿಟ್ಟುಕೊಂಡು ಹುಳಿ ಮಾಡಲು ನಿಂತೆ. ಮೊದಲ ಸಾಲು: “ಬೇಳೆಯನ್ನು ಮೆತ್ತಗೆ ಬೇಯಿಸಿಕೊಳ್ಳಿ.” ಬೇಯಿಸಿದೆ. ಮೂರು ವಿಷಲ್ ಕೂಗಿಸಿದೆ. ತೆರೆದರೆ ಬೇಳೆ ಹಾಗೇ ಇತ್ತು. ಇನ್ನೂ ಮೂರು ಕೂಗಿಸಿದೆ. ಬೇಳೆ ಒಡೆದಿತ್ತು, ಕರಗಿರಲಿಲ್ಲ. ಬೆರಳಲ್ಲಿ ಹಿಸುಕಿದರೆ ನಡುವೆ ಗಟ್ಟಿ. ದಿನಾ ಇದೇ ಕತೆ. ಸುಮಾರು ಎಂಟು ತಿಂಗಳು ನಾನು ಬೇಳೆಯನ್ನು ಒರಳಲ್ಲಿ ಅರೆದು ಸಾರಿಗೆ ಹಾಕಿದ್ದೇನೆ. ನನ್ನ ಕೈಯೇ ಸರಿಯಿಲ್ಲ ಅಂತ ನಂಬಿಬಿಟ್ಟಿದ್ದೆ. ಒಂದೆರಡು ಸಲ ಅತ್ತಿದ್ದೂ ಉಂಟು.

ತಪ್ಪು ಕೈಯದಲ್ಲ, ನೀರಿನದು. ನಮ್ಮ ಬಡಾವಣೆಗೆ ಆಗ ಬರುತ್ತಿದ್ದದ್ದು ಬರೀ ಬೋರ್‌ವೆಲ್ ನೀರು. ಅದು ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯೊಳಗಿನ ಪೆಕ್ಟಿನ್ ಅನ್ನುವ ಅಂಟನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಆ ಅಂಟು ಸಡಿಲವಾಗದೆ ಬೇಳೆ ಮೆತ್ತಗಾಗುವುದಿಲ್ಲ. ಕಾವೇರಿ ನೀರು ಬೆಂಗಳೂರಿಗೆ 1974ರಿಂದ ಬರುತ್ತಿದೆ. ಆದರೆ ಅಂಚಿನ ಬಡಾವಣೆಗಳ ನಲ್ಲಿಗೆ ಅದು ತಲುಪಲು ವರ್ಷಗಳೇ ಹಿಡಿದವು. ಆಮೇಲೆ ನಾವು ಹನುಮಂತನಗರಕ್ಕೆ ಬಂದೆವು. ಇಲ್ಲಿ ಕಾವೇರಿ ನೀರು. ಮೊದಲ ದಿನ ಅದೇ ಕುಕ್ಕರ್‌ನಲ್ಲಿ, ಅದೇ ಅಂಗಡಿಯ ತೊಗರಿಬೇಳೆ ಬೆಣ್ಣೆಯ ಹಾಗೆ ಬೆಂದಿತ್ತು. ಮುಚ್ಚಳ ತೆಗೆದು ಸುಮ್ನೆ ನೋಡುತ್ತಾ ನಿಂತೆ.

ಆ ದಪ್ಪ ಪುಸ್ತಕ ಒಂದು ಸಾಲು ಬರೆದಿದ್ದರೆ ಸಾಕಿತ್ತು. “ಬೇಳೆ ಬೇಯದಿದ್ದರೆ ನೀರು ಗಡಸಿರಬಹುದು ಅಥವಾ ಬೇಳೆ ಹಳೆಯದಿರಬಹುದು. ಕುಡಿಯುವ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಅದೇ ನೀರಿನಲ್ಲಿ ಬೇಯಿಸಿ. ಹುಣಸೆಹಣ್ಣು, ಟೊಮ್ಯಾಟೊ ಬೇಳೆ ಬೆಂದ ಮೇಲೇ ಹಾಕಿ, ಹುಳಿ ಬಿದ್ದರೆ ಬೇಳೆ ಬೇಗ ಬೇಯುವುದಿಲ್ಲ.” ಇಷ್ಟೇ. ಎಂಟು ತಿಂಗಳ ಸಂಕಟಕ್ಕೆ ಎರಡು ಮೂರು ಸಾಲು.

ಅದಕ್ಕೇ ಹೊಸಬರಿಗೆ ಪುಸ್ತಕ ಆರಿಸುವಾಗ ನಾನು ಮೊದಲು ಹುಡುಕುವುದು ಕೆಟ್ಟರೆ ಏನು ಮಾಡಬೇಕು ಅನ್ನುವ ಮಾತನ್ನು. ಆಮೇಲೆ ಹದವನ್ನು.

ಹದ ಅನ್ನೋದು ಎಂಥ ಚೆಂದದ ಮಾತು ನೋಡಿ. ಮಣ್ಣಿಗೂ ಹದ, ಪಾಕಕ್ಕೂ ಹದ, ಹಿಟ್ಟಿಗೂ ಹದ. ಅಳತೆಯನ್ನು ಲೋಟದಲ್ಲಿ ಕಾಣಬಹುದು. ಹದವನ್ನು ಕಣ್ಣು, ಮೂಗು, ಕಿವಿ, ಬೆರಳುಗಳಲ್ಲೇ ಕಾಣಬೇಕು. ಅಡುಗೆ ಬಲ್ಲವರಿಗೆ ಇದು ಎಷ್ಟು ಅಭ್ಯಾಸವಾಗಿರುತ್ತದೆ ಅಂದರೆ ಬರೆಯುವಾಗ ಅದು ಬಿಟ್ಟೇ ಹೋಗುತ್ತದೆ. ನಮ್ಮ ಪುಸ್ತಕಗಳಲ್ಲಿ ಹದ ಇರಬೇಕಾದ ಜಾಗದಲ್ಲಿ ಮೂರು ಮಾತು ಕೂತಿರುತ್ತವೆ. “ರುಚಿಗೆ ತಕ್ಕಷ್ಟು ಉಪ್ಪು”, “ಬೇಕಾದಷ್ಟು ನೀರು”, “ಹಸಿ ವಾಸನೆ ಹೋಗುವವರೆಗೆ.”

ಹಸಿ ವಾಸನೆ! ಯಾವುದರ ಹಸಿ ವಾಸನೆ? ಹುಣಸೆ ನೀರಿನದು ಬೇರೆ, ಕಡಲೆಹಿಟ್ಟಿನದು ಬೇರೆ, ಶುಂಠಿ-ಬೆಳ್ಳುಳ್ಳಿಯದು ಬೇರೆ. ಜೀವನದಲ್ಲಿ ಮೊದಲ ಸಲ ಸಾರು ಕುದಿಸುತ್ತಿರುವ ಹುಡುಗ ಪಾತ್ರೆಗೆ ಮೂಗು ಒಡ್ಡಿ ಏನನ್ನು ಹುಡುಕಬೇಕು? ಒಳ್ಳೆಯ ಪುಸ್ತಕ ಹೇಳುತ್ತದೆ: ಹುಣಸೆ ನೀರು ಕುದಿಯಲು ಶುರುವಾದಾಗ ಹಬೆ ಮೂಗಿಗೆ ಚುಚ್ಚುತ್ತದೆ. ಐದಾರು ನಿಮಿಷ ಕುದಿದ ಮೇಲೆ ಆ ಚುಚ್ಚು ಹೋಗಿ ವಾಸನೆ ದುಂಡಗಾಗುತ್ತದೆ. ಆಗ ಬೇಳೆಕಟ್ಟು ಹಾಕಿ. ಮೇಲೆ ನೊರೆ ಕಟ್ಟಿ ಉಕ್ಕಿ ಬಂದ ಕೂಡಲೇ ಇಳಿಸಿ, ತಿಳಿಸಾರನ್ನು ಆಮೇಲೆ ಗಳಗಳ ಕುದಿಸಬೇಡಿ. ಇಷ್ಟು ಓದಿದವನಿಗೆ ಗಡಿಯಾರ ನೋಡುವ ಕೆಲಸವೇ ಇಲ್ಲ.

ಉಪ್ಪಿನ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ರುಚಿಗೆ ತಕ್ಕಷ್ಟು ಅನ್ನುವ ಮಾತು ಹೊಸಬರ ಪುಸ್ತಕದಲ್ಲಿ ಇರಲೇಬಾರದು. ಅವರಿಗೆ ಆ ರುಚಿಯ ಅಂದಾಜು ಇನ್ನೂ ಬಂದಿಲ್ಲ, ಅದಕ್ಕೇ ತಾನೆ ಪುಸ್ತಕ ಕೊಂಡದ್ದು? ಒಂದು ಸಂಖ್ಯೆ ಕೊಡಬೇಕು. 5 ಮಿಲಿ ಲೀಟರಿನ ಸಣ್ಣ ಚಮಚದಲ್ಲಿ ಮಟ್ಟ ಮಾಡಿ ತೆಗೆದ ಪುಡಿ ಉಪ್ಪು ಸುಮಾರು 6 ಗ್ರಾಂ ತೂಗುತ್ತದೆ. ಒಂದು ಲೀಟರ್ ಸಾರಿಗೆ ಅಂಥ ಒಂದೂವರೆ ಚಮಚ ಹಾಕಿದರೆ ಬಹಳ ಮನೆಗಳ ನಾಲಿಗೆಗೆ ಹತ್ತಿರ ಬರುತ್ತದೆ. ಅಲ್ಲಿಂದ ಅವರವರು ಮೇಲೆ ಕೆಳಗೆ ಹೋಗಲಿ. ಕಲ್ಲುಪ್ಪಾದರೆ ಹರಳುಗಳ ನಡುವೆ ಸಂದು ಇರುತ್ತದೆ, ಅದೇ ಚಮಚದಲ್ಲಿ ತೂಕ ಕಡಿಮೆ ಬರುತ್ತದೆ. ಇದನ್ನೂ ಹೇಳಿಬಿಡಬೇಕು.

ಈ ಯೋಚನೆಯಲ್ಲೇ ಎರಡು ಶನಿವಾರ ಪುಸ್ತಕದ ಅಂಗಡಿಗಳನ್ನು ಸುತ್ತಿದೆ. ಗಾಂಧಿ ಬಜಾರಿನ ಅಂಕಿತ, ಗಾಂಧಿನಗರದ ಸಪ್ನ, ಕೊನೆಗೆ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಗಳು. ಅಡುಗೆಯ ಕಪಾಟಿನ ಮುಂದೆ ನಿಂತು ನಾನು ಮಾಡಿದ್ದು ಒಂದೇ ಕೆಲಸ. ಪ್ರತಿ ಪುಸ್ತಕದಲ್ಲೂ ಅನ್ನ, ತಿಳಿಸಾರು, ಉಪ್ಪಿಟ್ಟು ಹುಡುಕಿದೆ. ಹಬ್ಬದ ಅಡುಗೆಯ ಪುಟಗಳನ್ನು ತೆರೆಯಲೇ ಇಲ್ಲ. ಹೋಳಿಗೆಯ ಫೋಟೊ ನೋಡಿ ಪುಸ್ತಕ ಕೊಂಡರೆ ಮನೆಗೆ ಬಂದು ಆ ಫೋಟೊವನ್ನೇ ನೋಡುತ್ತಾ ಕೂರಬೇಕಾಗುತ್ತದೆ.

ಬಹಳ ಪುಸ್ತಕಗಳಲ್ಲಿ ಅನ್ನವೇ ಇರಲಿಲ್ಲ. ಚಿತ್ರಾನ್ನ ಇದೆ, ಪುಳಿಯೋಗರೆ ಇದೆ, ಬಿಸಿಬೇಳೆ ಬಾತ್ ನಾಲ್ಕು ಬಗೆ ಇದೆ, ಬರೀ ಅನ್ನ ಇಲ್ಲ. ಅದು ಎಲ್ಲರಿಗೂ ಗೊತ್ತಿರುತ್ತೆ ಅಂತ ಬರೆದವರು ಅಂದುಕೊಂಡಿದ್ದಾರೆ. ಆದರೆ ಅಕ್ಕನ ಮಗ ಮೊದಲ ವಾರ ಮಾಡಿದ್ದು ಗಂಜಿ. ಹೊಸ ಅಕ್ಕಿಗೆ ನೀರು ಕಡಿಮೆ ಸಾಕು, ಹಳೆ ಅಕ್ಕಿ ಜಾಸ್ತಿ ಕುಡಿಯುತ್ತದೆ ಅನ್ನೋದು ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಅಮ್ಮನೂ ಹೇಳಿರಲಿಲ್ಲ. ಮೂವತ್ತು ವರ್ಷದಿಂದ ಅಕ್ಕಿ ಕೈಗೆತ್ತಿಕೊಂಡ ಕೂಡಲೇ ಅವಳಿಗೆ ತಿಳಿಯುತ್ತದೆ. ಅದು ಬಾಯಿಮಾತಿಗೆ ಬರುವ ವಿಷಯ ಅಂತ ಅವಳಿಗೆ ಹೊಳೆದೇ ಇಲ್ಲ.

ಉಪ್ಪಿಟ್ಟಿನ ಪುಟದಲ್ಲಿ ನಾನು ನೋಡಿದ್ದು ಎರಡು ವಿಷಯ. ಯಾವ ರವೆ ಅಂತ ಹೇಳಿದ್ದಾರಾ? ಬನ್ಸಿ ರವೆಯೋ, ಸಾದಾ ಉಪ್ಪಿಟ್ಟು ರವೆಯೋ, ಚಿರೋಟಿ ರವೆಯೋ ಹೇಳದೆ “ರವೆ 1 ಕಪ್” ಅಂತ ಬರೆದರೆ ಹೊಸಬರು ಅಂಗಡಿಯವರು ಕೊಟ್ಟದ್ದನ್ನು ತರುತ್ತಾರೆ. ಚಿರೋಟಿ ರವೆ ತಂದರೆ ಉಪ್ಪಿಟ್ಟು ಮುದ್ದೆಯಾಗುತ್ತದೆ. ಎರಡನೆಯದು, ಎಲ್ಲಿಯವರೆಗೆ ಹುರಿಯಬೇಕು? ಒಂದು ತೆಳ್ಳನೆಯ ಪುಸ್ತಕದಲ್ಲಿ, ಸೌಟು ಆಡಿಸಿದಾಗ ರವೆ ಒಣ ಮರಳಿನ ಹಾಗೆ ಸರಸರ ಜಾರಬೇಕು, ಘಮ ಬರಬೇಕು, ಬಣ್ಣ ಕೆಂಪಾಗುವ ಮೊದಲೇ ಇಳಿಸಬೇಕು ಅನ್ನುವ ಅರ್ಥದ ಮಾತು ಇತ್ತು. ಅದನ್ನು ಓದಿದಾಗ ಅಂಗಡಿಯಲ್ಲೇ ನನಗೆ ರವೆಯ ಘಮ ಬಂತು. ಆ ಪುಸ್ತಕವನ್ನು ಪಕ್ಕಕ್ಕೆ ಇಟ್ಟುಕೊಂಡೆ.

ಕಪ್ ಅನ್ನುವ ಮಾತು ಇನ್ನೊಂದು ತಲೆನೋವು. ಅಮೆರಿಕದ ಅಡುಗೆಯ ಕಪ್ ಸುಮಾರು 240 ಮಿಲಿ ಲೀಟರ್. ನಮ್ಮ ಪುಸ್ತಕಗಳಲ್ಲಿ ಕಪ್ ಅಂದರೆ ಕೆಲವು ಕಡೆ 200, ಕೆಲವು ಕಡೆ 250, ಎಷ್ಟೋ ಕಡೆ ಬರೆದವರ ಮನೆಯ ಕಾಫಿ ಲೋಟ. ಒಂದು ಪುಸ್ತಕದ ಉದ್ದಕ್ಕೂ ಒಂದೇ ಕಪ್ ಇದ್ದರೆ ದೊಡ್ಡ ತೊಂದರೆಯಿಲ್ಲ. ಅಕ್ಕಿಗೂ ಅದೇ, ನೀರಿಗೂ ಅದೇ ಅಂದಾಗ ಲೆಕ್ಕ ಕೂಡುತ್ತದೆ. ಆದರೆ ಒಂದು ಸಾಲಿನಲ್ಲಿ ಕಪ್, ಮುಂದಿನ ಸಾಲಿನಲ್ಲಿ ಗ್ರಾಂ ಬಂದರೆ ಆ ಕಪ್ ಎಷ್ಟು ಅಂತ ಮೊದಲ ಪುಟದಲ್ಲೇ ಹೇಳಿರಬೇಕು. ನನ್ನ ಅಮ್ಮನ ನೋಟ್‌ಬುಕ್ಕಿನಲ್ಲಿ ಎಲ್ಲ ಪಾವು, ಅಚ್ಚೇರು, ಚಟಾಕಿನಲ್ಲೇ ಇದೆ. ಅವಳ ಪಾವು ಈಗಲೂ ನನ್ನ ಹತ್ತಿರ ಇರೋದರಿಂದ ಆ ನೋಟ್‌ಬುಕ್ಕು ನನ್ನ ಕೈಯಲ್ಲಿ ಬದುಕಿದೆ. ಪಾವು ಕಳೆದುಹೋದರೆ ಅರ್ಧ ಅಡುಗೆ ಹೋದ ಹಾಗೆ.

ಹೀಗೇ ಮೆಣಸಿನಕಾಯಿ. “ಒಣಮೆಣಸಿನಕಾಯಿ 8” ಅಂದರೆ ಯಾವುದು? ಬ್ಯಾಡಗಿಯಾದರೆ ಎಂಟು ಹಾಕಿದರೆ ಒಳ್ಳೆಯ ಬಣ್ಣ, ಸಾಧಾರಣ ಖಾರ. ಗುಂಟೂರಾದರೆ ಎಂಟಕ್ಕೆ ಕಣ್ಣಲ್ಲಿ ನೀರು.

ಅಡುಗೆಯನ್ನು ಬರೆದಿಡೋದು ಕನ್ನಡಕ್ಕೆ ಹೊಸದೇನಲ್ಲ. ಮೂರನೆಯ ಮಂಗರಸ 1508ರ ಸುಮಾರಿಗೇ ‘ಸೂಪಶಾಸ್ತ್ರ’ವನ್ನು ಪದ್ಯದಲ್ಲಿ ಬರೆದಿದ್ದಾನೆ. ಆದರೆ ಹೊಸಬರ ಪುಸ್ತಕ ಅಂದಾಗ ನನಗೆ ನೆನಪಾಗುವುದು ಪಕ್ಕದ ಮದ್ರಾಸಿನ ಎಸ್. ಮೀನಾಕ್ಷಿ ಅಮ್ಮಾಳ್. ಅವರ ತಮಿಳು ಪುಸ್ತಕ ‘ಸಮೈತ್ತು ಪಾರ್’ 1951ರಲ್ಲಿ ಬಂತು. ಮದುವೆಯಾಗಿ ದೂರ ಹೊರಟ ಹೆಣ್ಣುಮಕ್ಕಳ ಪೆಟ್ಟಿಗೆಯಲ್ಲಿ ಅದನ್ನು ಇಟ್ಟು ಕಳಿಸುತ್ತಿದ್ದರು. ಹೆಸರಿನ ಅರ್ಥ ‘ಅಡುಗೆ ಮಾಡಿ ನೋಡು’ ಅಂತ. ಆ ‘ನೋಡು’ ನನಗೆ ಬಹಳ ಇಷ್ಟ. ಅಳತೆ ಕೊಟ್ಟೂ, ಕಣ್ಣಿಟ್ಟು ನೋಡು ಅಂದಿದ್ದಾರೆ. ಆಗಿನ್ನೂ ನಮ್ಮಲ್ಲಿ ಕಿಲೋ, ಲೀಟರಿನ ಲೆಕ್ಕ ಕಡ್ಡಾಯವಾಗಿರಲಿಲ್ಲ, ಅದಕ್ಕೆ ಕಾಯ್ದೆ ಬಂದದ್ದು 1956ರಲ್ಲಿ.

ಹಾಗಂತ ಮದ್ರಾಸಿನ ಪುಸ್ತಕ ಬೆಂಗಳೂರಿನ ಅಡುಗೆಮನೆಗೆ ಹಾಗೇ ಹೊಂದುವುದಿಲ್ಲ. ಅದು ಕಡಲ ಮಟ್ಟದ ಊರು. ನಾವು ಸುಮಾರು 900 ಮೀಟರ್ ಮೇಲಿದ್ದೇವೆ. ಇಲ್ಲಿ ನೀರು 100 ಡಿಗ್ರಿಗೆ ಮುಂಚೆ, ಸುಮಾರು 97ಕ್ಕೇ ಕುದಿಯುತ್ತದೆ. ತಪ್ಪಲೆಯಲ್ಲಿ ಬೇಳೆ, ಕಾಳು ಬೇಯಿಸಿದರೆ ಹೊತ್ತು ಜಾಸ್ತಿ ಬೇಕು. ಇಡ್ಲಿ ಹಿಟ್ಟಂತೂ ನೇರವಾಗಿ ಹವೆಗೆ ಸೇರಿದ್ದು. ಅಲ್ಲಿ ರಾತ್ರಿ ರುಬ್ಬಿಟ್ಟರೆ ಬೆಳಗ್ಗೆ ಉಕ್ಕಿ ಹರಿದಿರುತ್ತದೆ. ಇಲ್ಲಿ ಡಿಸೆಂಬರಿನಲ್ಲಿ ರಾತ್ರಿ 15–16 ಡಿಗ್ರಿಗೆ ಇಳಿದಾಗ ಬೆಳಗ್ಗೆ ಮುಚ್ಚಳ ತೆಗೆದರೆ ಹಿಟ್ಟು ಇಟ್ಟ ಹಾಗೇ ಮಲಗಿರುತ್ತದೆ. “8 ಗಂಟೆ ಇಡಿ” ಅಂತ ಬರೆದ ಪುಸ್ತಕ ನಂಬಿದವರಿಗೆ ಅಂದು ಕಲ್ಲಿನಂಥ ಇಡ್ಲಿ. “ಎರಡರಷ್ಟು ಉಬ್ಬಬೇಕು, ಸೌಟು ಹಾಕಿದರೆ ಒಳಗೆ ಗುಳ್ಳೆ ಗುಳ್ಳೆ ಕಾಣಬೇಕು, ಹುಳಿ ವಾಸನೆ ಲೇಸಾಗಿ ಬರಬೇಕು” ಅಂತ ಬರೆದ ಪುಸ್ತಕ ಯಾವ ಊರಲ್ಲಿ ಅಚ್ಚಾದರೂ, ಯಾವ ತಿಂಗಳಲ್ಲಿ ತೆರೆದರೂ ಕೆಲಸಕ್ಕೆ ಬರುತ್ತದೆ.

ವಿಷಲ್ ಲೆಕ್ಕವೂ ಹೀಗೇ. ಮೂರು ಲೀಟರಿನ ಕುಕ್ಕರ್ ಬೇಗ ಕೂಗುತ್ತದೆ, ಐದು ಲೀಟರಿನದು ನಿಧಾನ. ಉರಿ ಜೋರಿದ್ದರೆ ಐದು ನಿಮಿಷದಲ್ಲಿ ಮೂರು ಸಲ ಕೂಗಿಬಿಡುತ್ತದೆ. ಮೊದಲ ವಿಷಲ್ ಆದ ಮೇಲೆ ಉರಿ ಸಣ್ಣ ಮಾಡಿ ಇಷ್ಟು ನಿಮಿಷ ಅಂತ ಹೇಳುವ ಪುಸ್ತಕ ನನಗೆ ಇಷ್ಟ. ನಮ್ಮ ಹುಡುಗನ ಮನೆಯಲ್ಲಿ ಉರಿಯೇ ಇಲ್ಲ, ಇಂಡಕ್ಷನ್. ಅದರ ಮೇಲೆ ಅಲ್ಯೂಮಿನಿಯಂ ಪಾತ್ರೆ ಕಾಯುವುದಿಲ್ಲ ಅಂತ ಅವನು ಅಜ್ಜಿಯ ಬಾಣಲೆ ಇಟ್ಟು ನೋಡಿದ ಮೇಲೇ ತಿಳಿದುಕೊಂಡ. ಇಂಥದ್ದಕ್ಕೆಲ್ಲ ಒಂದು ಪುಟ ಕೊಟ್ಟ ಪುಸ್ತಕ ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ. ಯಾರಾದರೂ ಬರೆದರೆ ಈ ಊರಿಗೆ ಕೆಲಸ ಹುಡುಕಿಕೊಂಡು ಬರುವ ಸಾವಿರಾರು ಮಕ್ಕಳಿಗೆ ಉಪಕಾರವಾಗುತ್ತದೆ.

ಇನ್ನೊಂದು ಕೊರತೆ ಅಂದರೆ ಎಷ್ಟು ಜನಕ್ಕೆ ಅನ್ನೋದು. ಹೆಚ್ಚಿನ ಪುಸ್ತಕ ನಾಲ್ಕೈದು ಜನರ ಮನೆಗೆ ಬರೆದದ್ದು. ಅರ್ಧ ಮಾಡಿಕೊಂಡರಾಯಿತು ಅನ್ನಬಹುದು. ಬೇಳೆ, ಉಪ್ಪು, ಪುಡಿ ಅರ್ಧ ಆಗುತ್ತವೆ. ನೀರು ಹಾಗೆ ಅರ್ಧ ಆಗುವುದಿಲ್ಲ. ಪಾತ್ರೆಯ ಬಾಯಿ ಅಷ್ಟೇ ಅಗಲ ಇದ್ದರೆ ಆವಿ ಅಷ್ಟೇ ಹೋಗುತ್ತದೆ, ಅರ್ಧ ನೀರು ಹಾಕಿದ ಪಲ್ಯ ತಳ ಹಿಡಿಯುತ್ತದೆ. ಒಗ್ಗರಣೆಯ ಎಣ್ಣೆಯೂ ಅಷ್ಟೇ. ಸಾಸಿವೆ ಮುಳುಗುವಷ್ಟಾದರೂ ಬೇಕು, ಇಲ್ಲದಿದ್ದರೆ ಚಟಪಟ ಅನ್ನುವ ಮೊದಲೇ ಸೀದುಹೋಗುತ್ತದೆ.

ಸಾವಿರ ಅಡುಗೆ ಇರುವ ಪುಸ್ತಕ ಬೇಡ ಅಂತ ನಾನು ಖಂಡಿತ ಹೇಳುತ್ತೇನೆ. ಮೊದಲ ವರ್ಷಕ್ಕೆ ಇಪ್ಪತ್ತು ಸಾಕು. ಆದರೆ ಆ ಇಪ್ಪತ್ತು ಒಂದಕ್ಕೊಂದು ನಂಟಿರಬೇಕು. ತೊವ್ವೆ ಬಂದರೆ ಅದಕ್ಕೆ ಹುಣಸೆ, ಪುಡಿ ಸೇರಿಸಿ ಸಾರು. ತರಕಾರಿ, ರುಬ್ಬಿದ ಕಾಯಿ ಸೇರಿಸಿ ಗಟ್ಟಿ ಮಾಡಿದರೆ ಹುಳಿ. ಬೇಳೆ ಬಿಟ್ಟು ಮಜ್ಜಿಗೆ ತಂದರೆ ಮಜ್ಜಿಗೆ ಹುಳಿ. ಹುಳಿ ಒಂದು ಕಲಿತರೆ ಬೂದುಗುಂಬಳ, ಹೀರೇಕಾಯಿ, ಸೀಮೆಬದನೆಕಾಯಿ ಎಲ್ಲದರದ್ದೂ ಕಲಿತ ಹಾಗೆ, ತರಕಾರಿ ಬೇಯುವ ಹೊತ್ತು ಮಾತ್ರ ಬದಲು. ಇದನ್ನು ಬಿಡಿಸಿ ಹೇಳುವ ಬದಲು ಪ್ರತಿ ತರಕಾರಿಗೂ ಒಂದು ಪುಟ ಕೊಟ್ಟು ದಪ್ಪ ಮಾಡಿದ ಪುಸ್ತಕಗಳು ಬಹಳ ಇವೆ. ಕೊನೆಯ ಪುಟಗಳಲ್ಲಿ ತರಕಾರಿಯ ಹೆಸರಿನಿಂದ ಹುಡುಕುವ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಅವರೆಕಾಯಿ ಕಾಲದಲ್ಲಿ ಎರಡು ಕಿಲೋ ತಂದುಬಿಟ್ಟವರಿಗೆ ಅದು ಬೇಕೇ ಬೇಕು, ಅಲ್ವಾ?

ನಾನು ಕೊನೆಗೆ ತಂದದ್ದು ಆ ರವೆಯ ಘಮದ ತೆಳ್ಳನೆಯ ಪುಸ್ತಕವನ್ನೇ. ಹೆಸರು ಬರೆಯುತ್ತಿಲ್ಲ. ಅದು ಹಾಸನದ ನಾಲಿಗೆಯ ಹುಡುಗನಿಗೆ ಹೊಂದಿದ್ದು. ಬೆಂಗಳೂರಿಗೆ ಹುಬ್ಬಳ್ಳಿಯಿಂದ ಬಂದವರಿಗೆ ಜೋಳದ ರೊಟ್ಟಿ ತಟ್ಟೋದನ್ನು ಹೇಳುವ ಪುಸ್ತಕ ಬೇಕು, ಕುಂದಾಪುರದಿಂದ ಬಂದವರಿಗೆ ಕುಚ್ಚಲಕ್ಕಿ, ಕಾಯಿ ಮಸಾಲೆ. ಚಿಕ್ಕಂದಿನಿಂದ ತಿಂದ ಅಡುಗೆಯನ್ನೇ ಮೊದಲು ಕಲಿಯಬೇಕು ಅಂತ ನನ್ನ ಅನಿಸಿಕೆ. ಅದರ ರುಚಿ ನಾಲಿಗೆಯಲ್ಲಿ ಆಗಲೇ ಇರುತ್ತದೆ. ತಪ್ಪಿದರೆ ಎಲ್ಲಿ ತಪ್ಪಿತು ಅಂತ ತಾನಾಗೇ ಗೊತ್ತಾಗುತ್ತದೆ. ಎಂದೂ ತಿನ್ನದ ಪಾಸ್ತಾ ಸರಿಯಾಗಿ ಬಂತೋ ಇಲ್ಲವೋ ಹೇಗೆ ಹೇಳೋದು?

ಪುಸ್ತಕದ ಜೊತೆ ಅಳತೆ ಚಮಚಗಳ ಒಂದು ಗೊಂಚಲು, ಒಂದು ಪೆನ್ಸಿಲ್ಲು ಕೊಟ್ಟೆ. ಪುಟದ ಅಂಚಿನಲ್ಲಿ ಬರೆದುಕೊ, ಹಾಳಾಗುತ್ತೆ ಅಂತ ನೋಡಬೇಡ ಅಂದೆ.

ಮೊನ್ನೆ ಭಾನುವಾರ ಸ್ಟೀಲ್ ಡಬ್ಬಿಯಲ್ಲಿ ಹೀರೇಕಾಯಿ ಹುಳಿ ತಂದಿದ್ದ. ನಮ್ಮ ಯಜಮಾನರು ಎರಡು ಸಲ ಹಾಕಿಸಿಕೊಂಡರು. ಇವನು ಮೊದಲ ತುತ್ತು ಬಾಯಿಗಿಟ್ಟು ಒಂದು ಕ್ಷಣ ಸುಮ್ಮನಾದ. ಕೈ ತೊಳೆದು ಬಂದು ಬ್ಯಾಗಿನಿಂದ ಪುಸ್ತಕ ತೆಗೆದ. ಆ ಪುಟಕ್ಕೆ ಆಗಲೇ ಅರಿಸಿನದ ಕಲೆ ಹತ್ತಿದೆ. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ “ಬೇಳೆ: ಫಿಲ್ಟರ್ ನೀರು, ನೆನೆಸಿ, 12 ನಿಮಿಷ” ಅಂತ ಇತ್ತು. ಅದರ ಕೆಳಗೆ “ಹುಣಸೆ ಇನ್ನೂ ಸ್ವಲ್ಪ ಕಮ್ಮಿ” ಅಂತ ಸೇರಿಸಿದ.

“ಚಿಕ್ಕಮ್ಮ, ಮುಂದಿನ ವಾರ ಸೀಮೆಬದನೆಕಾಯಿ ಹಾಕ್ತೀನಿ. ಇದಕ್ಕಿಂತ ಜಾಸ್ತಿ ಹೊತ್ತು ಬೇಯಬೇಕಾ?”

“ಪುಸ್ತಕದಲ್ಲಿ ಏನಂತ ಇದೆ?”

ಪುಟ ತಿರುಗಿಸಿ ಓದಿದ. “ಚಾಕುವಿನ ತುದಿ ಸಲೀಸಾಗಿ ಇಳಿಯಬೇಕು ಅಂತ.”

“ಹಾಗಾದರೆ ಚಾಕು ಇಳಿಸಿ ನೋಡು” ಅಂದೆ.